ಆರೋಗ್ಯ ಯೋಜನೆ ಬಂದ ಮೇಲೆ ಸರ್ಕಾರಿ ಆಸ್ಪತ್ರೆ ಸುಧಾರಿಸಿತಾ? ಅಳೆಯುವುದು ಹೀಗೆ

ಹೊರರೋಗಿಗಳ ಸಂಖ್ಯೆ ಏರಿದೆ ಅಂತ ಸುಮ್ನೆ ಖುಷಿಪಡಬೇಡಿ. 2018ರ ಆರೋಗ್ಯ ಕರ್ನಾಟಕ ಯೋಜನೆಯನ್ನೇ ನೋಡಿ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಬರೀ ಚೀಟಿಗೆ ಬಂದವರೂ ಓಪಿಡಿ ಲೆಕ್ಕಕ್ಕೆ ಸೇರುತ್ತಾರೆ ಅಲ್ವಾ? ಅವರನ್ನು ಮೊದಲು ಬೇರೆ ಮಾಡಿ.

ಆಮೇಲೆ ಹಾಸಿಗೆ ಲೆಕ್ಕ. 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆ ಅಂದುಕೊಳ್ಳಿ. 30 ದಿನದ ತಿಂಗಳಿಗೆ 3000 ಹಾಸಿಗೆ-ದಿನ. ಅದರಲ್ಲಿ 2100 ತುಂಬಿದ್ದವು, 700 ಜನ ಡಿಸ್ಚಾರ್ಜ್ ಆದರು ಅಂದರೆ ಬಳಕೆ ಶೇ 70, ಒಬ್ಬರು ಇದ್ದದ್ದು ಸರಾಸರಿ 3 ದಿನ. ಯೋಜನೆ ಬಂದ ಮೇಲೆ ಅದೇ 2100ರಲ್ಲಿ 1050 ಜನ ಡಿಸ್ಚಾರ್ಜ್ ಆದರೆ ಸರಾಸರಿ 2 ದಿನಕ್ಕೆ ಇಳಿಯುತ್ತದೆ. ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಹೆರಿಗೆ ವಾರ್ಡಿನ ರಿಜಿಸ್ಟರ್ ತೆಗೆದು, ದಾಖಲಾದ ಸಮಯ, ಹೆರಿಗೆಯ ಸಮಯ, ಮನೆಗೆ ಹೋದ ಸಮಯ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಹಜ ಹೆರಿಗೆಯಾದರೂ ತಾಯಿ 48 ಗಂಟೆ ಆಸ್ಪತ್ರೆಯಲ್ಲಿರಬೇಕು. ಮರುದಿನವೇ ಮನೆಗೆ ಕಳಿಸಿದ್ದರಿಂದ ಸರಾಸರಿ ಇಳಿದಿದ್ದರೆ ಅದನ್ನು ದಕ್ಷತೆ ಅಂತ ಹೇಗೆ ಕರೆಯುವುದು? ಮತ್ತೆ ದಾಖಲಾದವರು, ಸೋಂಕು ತಗುಲಿದವರು, ಜಿಲ್ಲಾಸ್ಪತ್ರೆಗೆ ಸಾಗಹಾಕಿದವರು, ಈ ಮೂರು ಅಂಕಿ ಜೊತೆಗಿರಲೇಬೇಕು.

ಹಲವು ಆಸ್ಪತ್ರೆಗಳಿದ್ದರೆ ಡಿಇಎ (ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್) ವಿಧಾನ ಬಳಸಿ, ಅಂದರೆ ಇರುವ ಸಂಪನ್ಮೂಲದಲ್ಲಿ ಯಾವ ಆಸ್ಪತ್ರೆ ಎಷ್ಟು ಕೆಲಸ ಮಾಡಿದೆ ಅಂತ ಹೋಲಿಸುವ ಲೆಕ್ಕ. ಡಾಕ್ಟರು, ನರ್ಸು, ಹಾಸಿಗೆ ಒಂದು ಕಡೆ. ಹೆರಿಗೆ, ಶಸ್ತ್ರಚಿಕಿತ್ಸೆ, ಒಳರೋಗಿಗಳು ಇನ್ನೊಂದು ಕಡೆ. ಮಂಜೂರಾದ ಹುದ್ದೆ ಬೇಡ, ನಿಜವಾಗಿ ಕೆಲಸದಲ್ಲಿ ಇರುವವರನ್ನು ಎಣಿಸಿ. ಸಿಸೇರಿಯನ್ನಿಗೂ ಜ್ವರಕ್ಕೂ ಒಂದೇ ತೂಕ ಕೊಡಬೇಡಿ.

ಇಷ್ಟಾದರೂ ಬದಲಾವಣೆ ಯೋಜನೆಯಿಂದಲೇ ಬಂತು ಅನ್ನಲು ಹೋಲಿಕೆ ಬೇಕು. ಬಡವರ ಗಂಭೀರ ಕಾಯಿಲೆಗಳ ಚಿಕಿತ್ಸೆಗಾಗಿ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕಕ್ಕೆ ಬಂದಾಗ ಸಂಶೋಧಕರು ಯೋಜನೆ ಇದ್ದ, ಇಲ್ಲದ ಪ್ರದೇಶಗಳ ಗಡಿಯ ಆಚೀಚೆ ಹಳ್ಳಿಗಳನ್ನು ಹೋಲಿಸಿ ಸಾವಿನ ಪ್ರಮಾಣದ ವ್ಯತ್ಯಾಸ ನೋಡಿದ್ದರು. ಆಸ್ಪತ್ರೆಗಳಿಗೂ ಅದೇ ದಾರಿ ಹಿಡಿಯಬಹುದು. ಯೋಜನೆ ಬಂದ ಕಡೆ ಹಾಸಿಗೆ ಬಳಕೆ ಶೇ 60ರಿಂದ 72ಕ್ಕೆ, ಬಾರದ ಕಡೆ 60ರಿಂದ 68ಕ್ಕೆ ಏರಿದ್ದರೆ, ಯೋಜನೆಯ ಪಾಲು 12ರಲ್ಲಿ 8 ಕಳೆದು ಉಳಿದ 4 ಶೇಕಡಾ ಅಂಶ ಮಾತ್ರ. ಅದೂ ಎರಡೂ ಕಡೆಯ ಗ್ರಾಫು ಯೋಜನೆಗೆ ಮುಂಚಿನ ಎರಡು ಮೂರು ವರ್ಷ ಜೊತೆಜೊತೆಗೇ ಸಾಗಿದ್ದರೆ.

ಇಡೀ ರಾಜ್ಯಕ್ಕೆ ಒಮ್ಮೆಗೇ ಬಂದ ಯೋಜನೆಗೆ ಇಂಥ ಗಡಿ ಸಿಗುವುದಿಲ್ಲ. ಆಗ ಅದೇ ಆಸ್ಪತ್ರೆಯಲ್ಲಿ ಯೋಜನೆಗೆ ಸೇರಿದ ಚಿಕಿತ್ಸೆಗಳನ್ನು ಸೇರದವುಗಳ ಜೊತೆ ಹೋಲಿಸಿ. 2020, 2021ರ ಕೋವಿಡ್ ತಿಂಗಳುಗಳನ್ನು ಸರಾಸರಿಗೆ ಬೆರೆಸದೆ ಬೇರೆಯಾಗಿ ತೋರಿಸಿ.