ಹಳೇ ಜೂಕ್‌ಬಾಕ್ಸ್‌ನ ಗೋಡೆಪೆಟ್ಟಿಗೆ: ಗುರುತಿಸುವುದು, ರಿಪೇರಿ ಮಾಡುವುದು

ಅಮೆರಿಕದ ಹಳೇ ಡೈನರ್‌ಗಳಲ್ಲಿ, ಅಂದರೆ ಸಣ್ಣ ಹೋಟೆಲುಗಳಲ್ಲಿ, ಹಾಡು ಕೇಳಲು ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ರೆಕಾರ್ಡ್ ನುಡಿಸುವ ಯಂತ್ರ) ತನಕ ಎದ್ದು ಹೋಗಬೇಕಿರಲಿಲ್ಲ. ಕೂತ ಮೇಜಿನ ಪಕ್ಕದ ಗೋಡೆಗೇ ಕ್ರೋಮ್ ಹೊಳಪಿನ ಪೆಟ್ಟಿಗೆಯೊಂದನ್ನು ಕೂರಿಸಿರುತ್ತಿದ್ದರು. ನಾಣ್ಯ ಹಾಕಿ, ಒಂದು ಅಕ್ಷರ, ಒಂದು ಅಂಕಿ ಒತ್ತಿದರೆ ಮೂಲೆಯಲ್ಲಿದ್ದ ದೊಡ್ಡ ಯಂತ್ರ ಹಾಡುತ್ತಿತ್ತು. ಈ ಪೆಟ್ಟಿಗೆಯೇ ವಾಲ್‌ಬಾಕ್ಸ್. ಒಳಗೆ ರೆಕಾರ್ಡೂ ಇಲ್ಲ, ಆಂಪ್ಲಿಫೈಯರೂ ಇಲ್ಲ; ಬಹುತೇಕ ಹಳೇ ಮಾದರಿಗಳಲ್ಲಿ ಸ್ಪೀಕರ್ ಕೂಡ ಇಲ್ಲ. ಹಾಗಾಗಿ ಸಂತೆಯಲ್ಲಿ ಕೊಂಡು ತಂದದ್ದು ಹಾಡುತ್ತಿಲ್ಲ ಎಂದು ಕೊರಗಬೇಡಿ, ಅದರ ಕೆಲಸ ಹಾಡುವುದೇ ಅಲ್ಲ.

ಯಾವುದು ಎಂದು ತಿಳಿಯಿರಿ

ಸೀಬರ್ಗ್, ವುರ್ಲಿಟ್ಜರ್, ರಾಕ್-ಓಲಾ, ಎಎಂಐ: ಹೆಚ್ಚಾಗಿ ಸಿಗುವುದು ಈ ನಾಲ್ಕು ಕಂಪನಿಗಳದ್ದೇ. ಮಾದರಿಯ ಸಂಖ್ಯೆ ಇರುವ ಲೋಹದ ಪಟ್ಟಿ ಉದುರಿಹೋಗಿದ್ದರೆ ಹಾಡುಗಳನ್ನು ಎಣಿಸಿ. 20 ಅಥವಾ 24 ಇದ್ದರೆ ಪೆಟ್ಟಿಗೆ ಸಾಮಾನ್ಯವಾಗಿ 1940ರ ದಶಕದ್ದು. ಸೀಬರ್ಗ್ ಕಂಪನಿ 100 ಹಾಡುಗಳ ಯಂತ್ರ ತಂದದ್ದು 1948ರಲ್ಲಿ, 200 ಹಾಡುಗಳದ್ದನ್ನು 1955ರಲ್ಲಿ. ಅದಕ್ಕೆ ಜೊತೆಯಾಗುವ ಪೆಟ್ಟಿಗೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮೊದಲ ಸಲ ಕೈಹಾಕುವವರಿಗೆ ನನ್ನ ಸಲಹೆ ಸೀಬರ್ಗ್‌ನ 3ಡಬ್ಲ್ಯು1 ಎಂಬ ಮಾದರಿ. ಹತ್ತು ಅಕ್ಷರ, ಹತ್ತು ಅಂಕಿ, ಒಟ್ಟು 100 ಹಾಡು. ಅಕ್ಷರಗಳ ಸಾಲಿನಲ್ಲಿ 'ಐ' ಇರುವುದಿಲ್ಲ, 1ರ ಜೊತೆ ಗೊಂದಲವಾಗುತ್ತದಲ್ಲ! ಇದು ಧಾರಾಳವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ.

ಕರೆಂಟ್ ಕೊಡುವ ಮುನ್ನ

3ಡಬ್ಲ್ಯು1ಗೆ ಬೇಕಿರುವುದು ಸುಮಾರು 25 ವೋಲ್ಟ್ ಎಸಿ. ಅದು ಜೂಕ್‌ಬಾಕ್ಸ್‌ನಿಂದಲೇ ಬರುತ್ತಿತ್ತು. ಅಮೆರಿಕದ 120 ಆಗಲಿ ನಮ್ಮ 230 ಆಗಲಿ, ಮನೆಯ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಒಳಗಿನ ತಂತಿಸುರುಳಿ (ಕಾಯಿಲ್) ಸುಟ್ಟು ಕರಕಲಾಗುತ್ತದೆ. ಅಮೆರಿಕದಿಂದ ಊರಿಗೆ ತಂದವರು 230ರಿಂದ 24 ವೋಲ್ಟ್ ಎಸಿಗೆ ಇಳಿಸುವ, 2 ಆಂಪ್‌ನ ಟ್ರಾನ್ಸ್‌ಫಾರ್ಮರ್ ತಂದು, ಫ್ಯೂಸ್ ಹಾಕಿ ಜೋಡಿಸಿದರೆ ಸಾಕು. ಅಡಾಪ್ಟರ್‌ನ ಡಿಸಿ ಬೇಡ. 1940ರ ಆಸುಪಾಸಿನ ಕೆಲವು ಸೀಬರ್ಗ್ ಪೆಟ್ಟಿಗೆಗಳು ಕಟ್ಟಡದ ಕರೆಂಟ್ ತಂತಿಯ ಮೂಲಕವೇ ಸಂಕೇತ ಕಳಿಸುತ್ತಿದ್ದವು. ಒಳಗೆ ಗಾಜಿನ ಕೊಳವೆಯಂಥ ರೇಡಿಯೊ ವಾಲ್ವ್ ಕಂಡರೆ ಮುಚ್ಚಿ, ತಿಳಿದವರಿಗೆ ಕೊಡಿ.

ಬಿಚ್ಚಿ, ಬೆರಳಿನಿಂದ ತಿರುಗಿಸಿ

ಮುಚ್ಚಳ ತೆಗೆದು ಮೊದಲು ಫೋಟೊ ತೆಗೆಯಿರಿ. ತಂತಿಯ ಹೊದಿಕೆ ಬಿಸ್ಕತ್ತಿನಂತೆ ಪುಡಿಯಾಗುತ್ತಿದ್ದರೆ ಒಂದೊಂದೇ ತಂತಿ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಮತ್ತೆ ಜೋಡಿಸುವುದು ತಲೆನೋವು.

ಒಳಗೆ ದುಂಡಗೆ ಜೋಡಿಸಿದ ಲೋಹದ ಬಿಂದುಗಳು, ಅವುಗಳ ಮೇಲೆ ಸವರಿಕೊಂಡು ಹೋಗುವ ಒಂದು ತೋಳು ಕಾಣುತ್ತದೆ. ಪೆಟ್ಟಿಗೆಯ ಜೀವವೆಲ್ಲ ಇಲ್ಲೇ. ಗುಂಡಿ ಒತ್ತಿದಾಗ ಮೋಟಾರು ಈ ತೋಳನ್ನು ಒಂದು ಸುತ್ತು ತಿರುಗಿಸುತ್ತದೆ. ತೋಳು ಬಿಂದುಗಳನ್ನು ಮುಟ್ಟಿದಂತೆಲ್ಲ ಪುಟ್ಟ ಪುಟ್ಟ ಮಿಡಿತಗಳು ಹೊರಡುತ್ತವೆ: ಮೊದಲೊಂದು ಗುಂಪು, ನಡುವೆ ಚೂರು ಬಿಡುವು, ಆಮೇಲೆ ಇನ್ನೊಂದು ಗುಂಪು. ಅವನ್ನು ಎಣಿಸಿಯೇ ಜೂಕ್‌ಬಾಕ್ಸ್ ಯಾವ ಹಾಡೆಂದು ತಿಳಿಯುತ್ತಿತ್ತು. ಎಪ್ಪತ್ತು ವರ್ಷದ ಗ್ರೀಸ್ ಈಗ ಅಂಟಾಗಿ ಗಟ್ಟಿಯಾಗಿರುತ್ತದೆ. 'ಕೆಟ್ಟಿದೆ' ಎಂದು ಮಾರುವ ಪೆಟ್ಟಿಗೆಗಳಲ್ಲಿ ಎಷ್ಟೋ ನಿಜಕ್ಕೂ ಕೆಟ್ಟಿರುವುದಿಲ್ಲ, ಜಡ್ಡುಗಟ್ಟಿರುತ್ತವೆ, ಅಷ್ಟೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ ಹಳೇ ಗ್ರೀಸ್ ಪೂರ್ತಿ ತೆಗೆಯಿರಿ. ಅಚ್ಚುಗಳಿಗೆ ಮಾತ್ರ ಒಂದೊಂದು ಹನಿ ತೆಳು ಎಣ್ಣೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈತೊಳೆದುಕೊಳ್ಳುವವರಿದ್ದಾರೆ. ಅದರ ಪಸೆಗೆ ದೂಳು ಕೂತು ಮತ್ತೆ ಹಳೇ ಕತೆ. ಕಾಂಟ್ಯಾಕ್ಟ್‌ಗಳ (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಲೋಹದ ತುದಿಗಳ) ನಡುವೆ ಆಲ್ಕೊಹಾಲ್ ಸವರಿದ ದಪ್ಪ ಕಾಗದದ ತುಂಡು ಎಳೆಯಿರಿ. ಮರಳುಕಾಗದ ಖಂಡಿತ ಬೇಡ. ತೋಳು ಬೆರಳಿಗೆ ತಡೆಯಿಲ್ಲದೆ ಒಂದು ಸುತ್ತು ಬಂದ ಮೇಲೆಯೇ ಕರೆಂಟ್.

ಆಗಲೂ ತೊಂದರೆ ಇದ್ದರೆ ಹೀಗೆ ಹುಡುಕಿ. ನಾಣ್ಯ ಬಿದ್ದರೂ ಒತ್ತಿದ ಗುಂಡಿ ಒಳಗೇ ನಿಲ್ಲುತ್ತಿಲ್ಲವೇ? ನಾಣ್ಯ ತಾಗುವ ಸ್ವಿಚ್ ನೋಡಿ. ಗುಂಡಿ ನಿಂತರೂ ಮೋಟಾರು ತಿರುಗದಿದ್ದರೆ ಅದನ್ನು ಶುರುಮಾಡುವ ಕಾಂಟ್ಯಾಕ್ಟ್ ಕೊಳೆಯಾಗಿದೆ. ಮೋಟಾರು ನಿಲ್ಲುತ್ತಲೇ ಇಲ್ಲವೆಂದರೆ ಸುತ್ತಿನ ಕೊನೆಯಲ್ಲಿ ಬಿಡಿಸಬೇಕಾದ ಕಾಂಟ್ಯಾಕ್ಟ್ ಬಿಡಿಸುತ್ತಿಲ್ಲ, ತಕ್ಷಣ ಆರಿಸಿ.

ನಾಣ್ಯ ಮತ್ತು ಹಾಡು

3ಡಬ್ಲ್ಯು1ಗೆ 5, 10, 25 ಸೆಂಟ್ ನಾಣ್ಯ ಬೇಕು. 1965ರಲ್ಲಿ ಅಮೆರಿಕ 10 ಮತ್ತು 25 ಸೆಂಟ್‌ಗಳ ಬೆಳ್ಳಿ ತೆಗೆದರೂ ಅಳತೆ ಬದಲಿಸಲಿಲ್ಲ, ಈಗಿನವೂ ನಡೆಯುತ್ತವೆ. ನಮ್ಮ ಸ್ಟೀಲ್ ರೂಪಾಯಿ ಹಾಕಬೇಡಿ. ಕಬ್ಬಿಣದ ಬಿಲ್ಲೆ ಹಾಕಿ ಮೋಸ ಮಾಡುವವರಿಗೆಂದು ಇಂಥ ಯಂತ್ರಗಳಲ್ಲಿ ಅಯಸ್ಕಾಂತ ಇಡುತ್ತಿದ್ದರು, ರೂಪಾಯಿ ಅದಕ್ಕೇ ಕಚ್ಚಿಕೊಳ್ಳುತ್ತದೆ.

ಜೂಕ್‌ಬಾಕ್ಸ್ ಇಲ್ಲದವರು ಮಿಡಿತಗಳನ್ನು ಆರ್ಡುಯಿನೊ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟು, ತಮಗೆ ಬೇಕಾದ ಹಾಡು ನುಡಿಸಬಹುದು. ಪ್ರತಿ ಗುಂಡಿಗೆ ಎಷ್ಟು ಮಿಡಿತ ಎಂಬುದನ್ನು ನೀವೇ ಒತ್ತಿ ನೋಡಿ ಬರೆದಿಟ್ಟುಕೊಳ್ಳಿ, ಮಾದರಿಯಿಂದ ಮಾದರಿಗೆ ಅದು ಬೇರೆ. ಆದರೆ 25 ವೋಲ್ಟ್ ಎಸಿಯನ್ನು ನೇರ ಒಳಬಿಟ್ಟರೆ ಬೋರ್ಡ್ ಆ ಕ್ಷಣವೇ ಹೋಯಿತು. ನಡುವೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸಿ ಎರಡೂ ಕಡೆಯ ಕರೆಂಟನ್ನು ಬೇರೆಯಾಗಿಡುವ ಬಿಡಿಭಾಗ) ಇರಲೇಬೇಕು.