ಹಳೇ ಚೆಂದದ ರಸ್ತೆ ಉಳಿಸಿಕೊಳ್ಳಬೇಕಾ? ಕೆಲಸ ಇಲ್ಲಿಂದ ಶುರು ಮಾಡಿ

ಒಂದು ರಸ್ತೆಗೆ ಪಾರಂಪರಿಕ ರಸ್ತೆ ಅಂತ ಮಾನ್ಯತೆ ಕೊಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮನವಿ ಪತ್ರ ಬರೆಯುತ್ತಾರೆ. ಅದು ಆಮೇಲಾದರೂ ನಡೆಯುತ್ತದೆ, ಬಿಡಿ. ಮೊದಲು ಬೇಕಾಗಿರುವುದು ಆ ರಸ್ತೆಯಲ್ಲಿ ಏನೇನಿದೆ ಅನ್ನುವ ಪಟ್ಟಿ.

ಕಾರಿನಲ್ಲಿ ಕೂತು ಇದನ್ನು ಮಾಡಲು ಆಗಲ್ಲ, ನಡೆದೇ ಹೋಗಿ. ಸಾಲುಮರಗಳ ಜಾತಿ, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಮೈಲಿಗಲ್ಲು, ಕಲ್ಲಿನ ಮೋರಿ, ಕಣಿವೆ ಕಾಣುವ ತಿರುವು ಎಲ್ಲವನ್ನೂ ಬರೆದುಕೊಳ್ಳಿ, ಫೋಟೊ ಜೊತೆ ಜಿಪಿಎಸ್ ಗುರುತೂ ಇರಲಿ. ನೋಟದ ಫೋಟೊವನ್ನು ಗಾಡಿ ಓಡಿಸುವವರ ಕಣ್ಣಿನ ಎತ್ತರದಿಂದಲೇ ತೆಗೆಯಿರಿ, ಬೇರೆ ಬೇರೆ ಕಾಲದಲ್ಲಿ ಅದೇ ಜಾಗದಿಂದ. ನಾಳೆ ಅಡ್ಡವಾಗಿ ಏನೋ ಎದ್ದು ನಿಂತರೆ ಮೊದಲು ಹೇಗಿತ್ತು ಅಂತ ತೋರಿಸಲು ಇದೇ ಸಾಕ್ಷಿ.

ಕಲ್ಲಿನ ತಡೆಗೋಡೆ ಇದ್ದರೆ ಟೇಪ್ ಹಿಡಿದು ಎತ್ತರ ಅಳೆಯಿರಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಳೇ ಡಾಂಬರು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ಮೇಲೇರುತ್ತದೆ, ಗೋಡೆ ಇದ್ದಲ್ಲೇ ಗಿಡ್ಡವಾಗುತ್ತದೆ, ಕೊನೆಗೊಂದು ದಿನ ಈ ಗೋಡೆ ಸುರಕ್ಷಿತವಲ್ಲ ಅಂತ ಬರೆದು, ಕಿತ್ತು ಹಾಕಿ, ಕಬ್ಬಿಣದ ತಡೆಬೇಲಿ ನಿಲ್ಲಿಸುತ್ತಾರೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶ ಇರಲ್ಲ. ‘ಹೊಸ ಪದರಕ್ಕೆ ಮೊದಲು ಹಳೆಯದನ್ನು ಕೆರೆಯಬೇಕು’ ಅನ್ನುವ ಒಂದು ಸಾಲನ್ನು ಡಾಂಬರು ಕೆಲಸದ ಟೆಂಡರಿಗೆ ಸೇರಿಸಲು ಹಟ ಹಿಡಿಯಿರಿ.

ಅರ್ಜಿ ಹೇಗಿರಬೇಕು ಅನ್ನೋದಕ್ಕೆ ಅಮೆರಿಕದ ಮಾದರಿ ನೋಡಬಹುದು. ಅಲ್ಲಿ ಇಂಥ ರಸ್ತೆಗಳಿಗೆ ಮಾನ್ಯತೆ ಕೊಡಲು 1991ರಲ್ಲಿ ರಾಷ್ಟ್ರಮಟ್ಟದ ಯೋಜನೆ ಬಂತು. ನೋಟ, ನಿಸರ್ಗ, ಇತಿಹಾಸ, ಸಂಸ್ಕೃತಿ, ಪುರಾತತ್ವ, ವಿಹಾರ ಈ 6 ಗುಣಗಳಲ್ಲಿ ಒಂದಾದರೂ ರಸ್ತೆಗಿರಬೇಕು. ಜೊತೆಗೆ ರಸ್ತೆಯನ್ನೂ ಅಕ್ಕಪಕ್ಕದ ಜಾಗವನ್ನೂ ಹೇಗೆ ನೋಡಿಕೊಳ್ಳುತ್ತೀರಿ ಅನ್ನುವ ನಿರ್ವಹಣಾ ಯೋಜನೆ ಕೊಡಬೇಕು. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಬರೆಯಬೇಡಿ. ನಿಮ್ಮ ರಸ್ತೆಯ ನಿಜವಾದ ಬಲ ಯಾವುದೋ ಅದನ್ನೇ ಗಟ್ಟಿಯಾಗಿ ಹೇಳಿ.

ಇನ್ನೊಂದು ಮಾತು. ‘ಪಾರಂಪರಿಕ ರಸ್ತೆ’ ಅನ್ನುವ ಬೋರ್ಡ್ ಬಂದ ಮಾತ್ರಕ್ಕೆ ಮರ ಉಳಿಯಲ್ಲ. ಉಳಿಸುವುದು ಕಾನೂನು: ಕಟ್ಟಡದ ನಿಯಮ, ಮರ ಕಡಿಯುವ ನಿಯಮ, ಜಾಹೀರಾತು ಫಲಕದ ನಿಯಮ. ಅಮೆರಿಕದ ವರ್ಮಾಂಟ್ ರಾಜ್ಯ 1968ರಲ್ಲೇ ರಸ್ತೆಬದಿಯ ದೊಡ್ಡ ಜಾಹೀರಾತು ಫಲಕಗಳನ್ನು ನಿಷೇಧಿಸಿತು. ಅಂಥದ್ದೊಂದು ನಿಯಮದ ಮುಂದೆ ನೂರು ಚೆಂದದ ಬೋರ್ಡುಗಳೂ ಸುಮ್ನೆ.

ನಾವು ನಿಂತು ನೋಡುವ ನೋಟ ಯಾರದ್ದೋ ಹೊಲ, ಅಲ್ವಾ? ಹಾಗಾಗಿ ಸಭೆ ಕರೆಯುವ ಮೊದಲೇ ಜಮೀನಿನವರ ಮನೆಗೆ ಹೋಗಿ ಮಾತಾಡಿ. ‘ನಮ್ಮ ಜಮೀನು ಹೋಗುತ್ತಂತೆ’ ಅಂತ ಗಾಳಿಸುದ್ದಿ ಹಬ್ಬಿದ ಮೇಲೆ ಏನು ಹೇಳಿದರೂ ಕೇಳಲ್ಲ. ಅಮೆರಿಕದ್ದೇ ಆದ ವಿಸ್ಕಾನ್ಸಿನ್ ರಾಜ್ಯ 1950ರ ದಶಕದಲ್ಲಿ ಮಿಸಿಸಿಪ್ಪಿ ನದಿ ಪಕ್ಕದ ರಸ್ತೆಗಾಗಿ ಒಂದು ಒಳ್ಳೆ ದಾರಿ ಹಿಡಿಯಿತು. ಜಮೀನು ರೈತರದ್ದೇ, ಉಳುಮೆಯೂ ಅವರದ್ದೇ. ನೋಟ ಕೆಡಿಸುವಂಥದ್ದನ್ನು ಕಟ್ಟುವ ಹಕ್ಕನ್ನಷ್ಟೇ ಸರ್ಕಾರ ದುಡ್ಡು ಕೊಟ್ಟು ಬಿಡಿಸಿಕೊಂಡಿತು.

ಎಂಜಿನಿಯರುಗಳ ಹತ್ತಿರ ಬರೀ ‘ಅಗಲ ಮಾಡಬೇಡಿ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿ ದಾರಿ ಕೈಯಲ್ಲಿಟ್ಟುಕೊಂಡು ಹೋಗಿ: ವೇಗದ ಮಿತಿ ಇಳಿಸುವುದು, ನೋಟದ ಜಾಗದಲ್ಲಿ ಗಾಡಿ ನಿಲ್ಲಿಸಲು ಬದಿಗೆ ಜಾಗ, ಹಿಂಬದಿಗೆ ಉಕ್ಕಿನ ಆಸರೆ ಕೊಟ್ಟ ಮರದ ತಡೆಬೇಲಿ. ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನುವ ಬೆಟ್ಟದ ರಸ್ತೆಯ ಲಿನ್ ಕೋವ್ ಸೇತುವೆ ಫೋಟೊ ತೋರಿಸಿ. ಬೆಟ್ಟದ ಬಂಡೆಗಳಿಗೆ ಪೆಟ್ಟಾಗಬಾರದು ಅಂತ 153 ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಇಳಿಜಾರಿನಿಂದ ಮೇಲೆತ್ತಿ ಕಟ್ಟಿದ್ದಾರೆ. 1987ರಲ್ಲಿ ತೆರೆದ, ಆ ಸೇತುವೆ ಇರುವ ಭಾಗವೇ ಇಡೀ ರಸ್ತೆಯ ಕೊನೆಯ ಕೊಂಡಿ.

ಮಾನ್ಯತೆ ಸಿಕ್ಕಿದ ಮೇಲೆ ಜನ ಜಾಸ್ತಿ ಬರುತ್ತಾರೆ, ಕಸವೂ ಬರುತ್ತದೆ, ಅದಕ್ಕೂ ಯೋಜನೆಯಲ್ಲೇ ಜಾಗ ಇರಲಿ. ಗುಂಪಿನಲ್ಲಿ ಒಬ್ಬರಿಗೆ ಒಂದೇ ಕೆಲಸ ವಹಿಸಿ: ರಸ್ತೆ ಇಲಾಖೆಯ ವಾರ್ಷಿಕ ಕಾಮಗಾರಿ ಪಟ್ಟಿ, ಟೆಂಡರ್ ಪ್ರಕಟಣೆ ಓದುವುದು. ಬೇಸರದ ಕೆಲಸ, ನಿಜ. ಆದರೆ ಟೆಂಡರಿಗೆ ಮೊದಲು ಒಂದು ಪತ್ರದಲ್ಲಿ ಮುಗಿಯುವುದಕ್ಕೆ ಗುತ್ತಿಗೆದಾರ ಯಂತ್ರ ತಂದ ಮೇಲೆ ಕೋರ್ಟಿಗೇ ಹೋಗಬೇಕಾಗಬಹುದು.