ಒರೆಸಬಾರದಿದ್ದ ಹಳದಿ ಗೀಟು

ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರಿಂದ ನಾನು 1966ರ ಫೋರ್ಡ್ ಮಸ್ಟಾಂಗ್ ಕಾರು ಕೊಂಡು ಹದಿನೈದು ವರ್ಷವಾಗಿತ್ತು. ಬಿಳಿ ಬಣ್ಣ, ಎರಡು ಬಾಗಿಲು, ಆರು ಸಿಲಿಂಡರು. ರಸ್ತೆಗೆ ಉಪ್ಪು ಸುರಿಯುವ ಚಳಿಗಾಲದಲ್ಲಿ ಆಕೆ ಅದನ್ನು ಹೊರಗೆ ತೆಗೆದವರಲ್ಲ, ನಾನೂ ತೆಗೆಯಲಿಲ್ಲ. ಮಂಡಿನೋವಿನಿಂದ ಕ್ಲಚ್ ಒತ್ತುವುದು ಕಷ್ಟವಾದಾಗ ಮಾರಲು ಮನಸ್ಸು ಮಾಡಿದೆ.

ಮಾರುವ ವಸ್ತು ಹೊಳೆಯಬೇಕಲ್ಲವೇ? ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡನ್ನು ಸಾಬೂನು ನೀರು ಹಾಕಿ ಉಜ್ಜಿದೆ. ಅಲ್ಲಿದ್ದ ಹಳದಿ ಗೀಟೊಂದು ಬಟ್ಟೆಗೆ ಹತ್ತಿಕೊಂಡು ಬಂದಿತು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯವರು ಸಂಜೆ ಬಂದು ನೋಡಿ, "ಅದು ಜೋಡಣೆಯ ಸಾಲಿನಲ್ಲಿ ತಪಾಸಣೆಯವನು ಎಳೆದ ಗುರುತು. ಇಷ್ಟು ವರ್ಷ ಉಳಿದದ್ದನ್ನು ನೀವು ಒರೆಸಿಬಿಟ್ಟಿರಲ್ಲ!" ಎಂದರು. ಬಣ್ಣ ಹೊಡೆಸುವ ಯೋಚನೆಯನ್ನು ಅಂದೇ ಬಿಟ್ಟೆ. ಅಜ್ಜಿ ಒರೆಸಿ ಒರೆಸಿ ಸವೆಸಿದ್ದ ಬಾನೆಟ್ಟಿನ ಅಂಚನ್ನೂ ಹಾಗೆಯೇ ಬಿಟ್ಟೆ.

ಆ ವರ್ಷದ ಮಸ್ಟಾಂಗ್‌ಗಳು ಆರು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಅದರಲ್ಲೂ ಆರು ಸಿಲಿಂಡರಿನದ್ದಕ್ಕೆ ಎಂಟು ಸಿಲಿಂಡರಿನ ವಿ-8ರಷ್ಟು ಬೆಲೆಯಿಲ್ಲ. ಅಪರೂಪವೆಂದರೆ ಯಾರೂ ಕೈಯಾಡಿಸದ ಕಾರು, ಅದನ್ನು ಸಾಬೀತುಪಡಿಸುವ ಹೊರೆ ಮಾರುವವನದು. ಫೋರ್ಡ್‌ನ ತಯಾರಿಕಾ ದಾಖಲೆ ಆಧರಿಸಿದ ಮಾರ್ಟಿ ವರದಿ 1967 ಮತ್ತು ಅದರ ನಂತರದ ಕಾರುಗಳಿಗೆ ಮಾತ್ರ ಸಿಗುತ್ತದೆ. ನನಗೆ ಒಂದು ವರ್ಷದಲ್ಲಿ ತಪ್ಪಿತು. ಹಾಗಾಗಿ ಕಾರನ್ನೇ ಸಾಕ್ಷಿಗೆ ನಿಲ್ಲಿಸಿದೆ. ಕಾರ್ಖಾನೆ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ 6ಎಫ್07ಟಿ ಎಂದು ಆರಂಭವಾಗುತ್ತದೆ: 1966, ಡಿಯರ್‌ಬಾರ್ನ್ ಕಾರ್ಖಾನೆ, ಗಟ್ಟಿ ಛಾವಣಿ, 200 ಘನ ಇಂಚಿನ ಎಂಜಿನ್. ಚಾಲಕನ ಬಾಗಿಲಿನ ಫಲಕದಲ್ಲಿ ಬಿಳಿ ಬಣ್ಣವನ್ನು ಸೂಚಿಸುವ ಎಂ ಅಕ್ಷರ. ಮೈಲಿಮಾಪಕಕ್ಕೆ ಐದೇ ಅಂಕಿ, 41 ಸಾವಿರ ತೋರಿಸಿದರೆ ಅದು 1 ಲಕ್ಷ 41 ಸಾವಿರವೂ ಆಗಿರಬಹುದು. ಅನುಮಾನ ತೀರಿಸಿದ್ದು ಅಜ್ಜಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ ಆಯಿಲ್ ಬದಲಾವಣೆಯ ರಸೀದಿಗಳು.

ಈ ಕಾರುಗಳ ಹುಟ್ಟುರೋಗ ಮುಂದಿನ ಗಾಜಿನ ಬುಡದ ಗಾಳಿಕಿಂಡಿ. ಒಳಗಿನ ತಗಡು ತುಕ್ಕು ತಿಂದರೆ ಮಳೆನೀರು ಕಾಲಬುಡಕ್ಕೆ ಇಳಿಯುತ್ತದೆ. ಒಂದು ಕೊಡ ನೀರು ಸುರಿದು ನೋಡಿದೆ. ಬಲಗಡೆ ನಾಲ್ಕು ಹನಿ ತೊಟ್ಟಿಕ್ಕಿತು. ಜಾಹೀರಾತಿನಲ್ಲಿ ಮೊದಲು ಆ ಹನಿಗಳ ಚಿತ್ರವನ್ನೇ ಹಾಕಿ, ಟೈರು, ಬ್ಯಾಟರಿ, ಸೈಲೆನ್ಸರ್ ಬದಲಾದವು ಎಂದು ಬರೆದೆ.

ಒಬ್ಬ ಕಾರನ್ನು ನೋಡದೆಯೇ ಹೆಚ್ಚು ಮೊತ್ತದ ಚೆಕ್ ಕಳುಹಿಸುತ್ತೇನೆ, ಉಳಿದದ್ದನ್ನು ಲಾರಿಯವನಿಗೆ ಕೊಡಿ ಎಂದ. ಹಳೆಯ ಮೋಸ: ಚೆಕ್ ನಕಲಿ, ಹೋಗುವುದು ನಮ್ಮ ಹಣ. ಉತ್ತರ ಕೊಡಲಿಲ್ಲ. ಕೊನೆಗೆ ಒಹಾಯೊದಿಂದ ದಂಪತಿ ಬಂದರು. ಆತ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು, ಅದು ಅಂಟದ ಕಡೆ ತುಕ್ಕು ಮುಚ್ಚಿದ ಪುಟ್ಟಿ ಇದೆಯೇ ಎಂದು ಚಕ್ರಗಳ ಸುತ್ತ ಹುಡುಕಿದ. ಆಕೆ ಸೀಟಿಗೆ ಮೂಗು ತಾಗಿಸಿ, "ನಮ್ಮಪ್ಪನ ಕಾರಿನ ವಾಸನೆ" ಎಂದರು. ಬಾನೆಟ್ ಎತ್ತಿದೊಡನೆ ಆತ, "ಇಲ್ಲೊಂದು ಗೀಟಿರಬೇಕಿತ್ತಲ್ಲ?" ಎಂದ. ನಡೆದದ್ದನ್ನು ಹೇಳಿದೆ. ಜೋರಾಗಿ ನಕ್ಕ, ಆದರೂ ಇನ್ನೂರು ಡಾಲರ್ ಇಳಿಸಿದ.

ಬ್ಯಾಂಕಿಗೆ ಅವರ ಜೊತೆಯಲ್ಲೇ ಹೋಗಿ ಹಣ ಪಡೆದು, ಮಾಲೀಕತ್ವದ ಪತ್ರಕ್ಕೆ ಸಹಿ ಹಾಕಿದೆ. ಮಿಷಿಗನ್‌ನಲ್ಲಿ ನಂಬರ್ ಪ್ಲೇಟ್ ಕಾರಿನ ಜೊತೆ ಹೋಗುವುದಿಲ್ಲ. ಬಿಚ್ಚಿಕೊಂಡೆ. ನಾಲ್ಕು ತಿರುಪುಗಳಲ್ಲಿ ಒಂದು ಮಾತ್ರ ತುಕ್ಕು ಹಿಡಿದು ಬಹಳ ಸತಾಯಿಸಿತು.